ರಿಜಿಸ್ಟರಿನಲ್ಲಿದ್ದ ಸುಜಾತಾ

ಹೋದ ತಿಂಗಳು ಭಾಲ್ಕಿಯಿಂದ ಬೀದರಿಗೆ ಹೊರಟ ಬಸ್ಸು ಹಲಬರ್ಗಾದ ಹತ್ತಿರ ಪಂಕ್ಚರ್ ಆಗಿ ನಿಂತಿತು. ಬೆಳಗಿನಿಂದ ಮಳೆ ಹಿಡಿದಿತ್ತು. ಎಲ್ಲರ ಜೊತೆ ನಾನೂ ಇಳಿದು ರಸ್ತೆಯ ಅಂಚಿಗೆ ಸರಿದೆ. ಎರಡು ಹೆಜ್ಜೆ ಇಡುವುದರೊಳಗೆ ಎರೆಮಣ್ಣು ಚಪ್ಪಲಿಯನ್ನು ಕಚ್ಚಿಕೊಂಡಿತು. ಎಳೆದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಬಗ್ಗಿ ಅದನ್ನು ಕೀಳುವಾಗ ಆ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಹಸಿ ವಾಸನೆ, ಸ್ವಲ್ಪ ಕಬ್ಬಿಣದಂಥದ್ದು, ಸೋಯಾ ಎಲೆ ಕೊಳೆತಂಥದ್ದು. ನನ್ನ ಮೊಣಕಾಲು ತಾನಾಗಿಯೇ ಬಿಗಿಯಾಯಿತು. ಹಿಂದಿನಿಂದ ಯಾರೋ ಈಗ ಸೀಟಿ ಊದುತ್ತಾರೆ, ನಾನು ಓಡಬೇಕು ಅನ್ನಿಸಿತು.

ಸೀಟಿ ಊದುತ್ತಿದ್ದವರು ನಸೀಮಾ ಮೇಡಮ್, ನನಗೆ ಫುಟ್‌ಬಾಲ್ ಕಲಿಸಿದವರು. ನಿವೃತ್ತರಾಗಿ ಈಗ ಬೀದರಿನ ಚಿದ್ರಿಯಲ್ಲಿದ್ದಾರೆ. ನಾನು ಅವತ್ತು ಹೊರಟಿದ್ದೂ ಅವರನ್ನು ನೋಡಲಿಕ್ಕೇ. ನಮ್ಮ ಬಳಗದಲ್ಲಿ ಈಗಲೂ ಕೆಲವರು ಆ ಮೇಡಮ್ ಬಂದು ನಮ್ಮ ಮನೆ ಕೆಡಿಸಿದರು ಅನ್ನುತ್ತಾರೆ. ಅಂಥವರು ಓದಲೆಂದೇ ಇದನ್ನು ಬರೆಯುತ್ತಿದ್ದೇನೆ.

ಅವರು ಭಾಲ್ಕಿಯ ನಮ್ಮ ಹೈಸ್ಕೂಲಿಗೆ ಬಂದದ್ದು ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ, ಜೂನ್‌ನಲ್ಲಿ. ಅಲ್ಲಿಯವರೆಗೆ ಆಟದ ಪಿರಿಯಡ್ ಎಂದರೆ ಹುಡುಗರು ಆಡುವುದು, ಹುಡುಗಿಯರು ಬೇವಿನ ಮರದ ಕೆಳಗೆ ಕುಳಿತು ನೋಟ್ಸ್ ಬರೆಯುವುದು. ಹೊಸ ಮೇಡಮ್ ಬೀದರಿನ ಹಳೇ ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವರ ಮಗಳು. ನಲವತ್ತು ದಾಟಿದ ವಯಸ್ಸು. ಚೂಡಿದಾರದ ತೋಳು ಮಡಚಿ, ವೇಲನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಮೊದಲ ದಿನವೇ ಮರದ ಕೆಳಗೆ ಬಂದು ನಿಂತರು.

"ಆಡೋರು ಈಕಡಿ ಬರ್ರಿ. ನಖರಾ ಮಾಡೋರು ಅಲ್ಲೇ ಕೂಡ್ರಿ."

"ಮೇಡಮ್, ಗ್ರೌಂಡೆಲ್ಲಾ ರಾಡಿ ಆಗೇದ್ರಿ," ಎಂದಳು ಒಬ್ಬಳು.

"ಈ ರಾಡ್ಯಾಗ ಓಡಾಕ ಕಲತ್ರ ಬೀದರದ ಕೆಂಪು ಗ್ರೌಂಡಿನ್ಯಾಗ ಹಾರ್ತೀರಿ. ಬೂಟ್ ಇಲ್ಲದೋರು ಬರಿಗಾಲಾಗ ಓಡ್ರಿ. ಜಲ್ದಿ!"

ಹದಿನೆಂಟು ಜನ ಎದ್ದೆವು. ವಾರ ಕಳೆಯುವಷ್ಟರಲ್ಲಿ ಹದಿಮೂರು ಜನ ಉಳಿದೆವು. ದಿನಾ ಬೆಳಿಗ್ಗೆ ಓಟ, ಸಂಜೆ ನಾಲ್ಕು ಹೊಡೆದ ಕೂಡಲೇ ಆಟ. ಮೇಡಮ್ ಯಾರನ್ನೂ ಬೇಡಿಕೊಳ್ಳಲಿಲ್ಲ, ಯಾರ ಬೆನ್ನೂ ತಟ್ಟಲಿಲ್ಲ. ಮಳೆ ನೀರು ಕುಡಿದ ಚೆಂಡು ಕಲ್ಲಿನಷ್ಟು ಭಾರವಾಗುತ್ತಿತ್ತು, ಒದ್ದರೆ ಪಾದ ಜುಮ್ಮೆನ್ನುತ್ತಿತ್ತು. ನನ್ನನ್ನು ಅವರು ಹಿಂದೆ, ಗೋಲಿನ ಮುಂದೆ ನಿಲ್ಲಿಸಿದರು. ಎದುರಿನವರ ಕಾಲಿನಿಂದ ಚೆಂಡು ಕಸಿಯುವುದು ನನ್ನ ಕೆಲಸ. ಆದರೆ ಯಾರಾದರೂ ಮೈಮೇಲೆ ಬಂದರೆ ನಾನು ಕಣ್ಣು ಮುಚ್ಚಿ ಪಕ್ಕಕ್ಕೆ ಸರಿಯುತ್ತಿದ್ದೆ. ಒಂದು ದಿನ ಮೇಡಮ್ ಉಳಿದವರನ್ನೆಲ್ಲ ಕೂರಿಸಿ ತಾವೇ ಚೆಂಡು ತೆಗೆದುಕೊಂಡು ನನ್ನ ಮೇಲೆ ಬಂದರು. ಆರು ಸಲ ನನ್ನನ್ನು ಕೆಸರಿಗೆ ಕೆಡವಿದರು. ಏಳನೇ ಸಲ ನಾನು ಕಣ್ಣು ತೆರೆದೇ ಕಾಲು ಹಾಕಿದೆ. ಚೆಂಡು ನನ್ನ ಹತ್ತಿರ ಉಳಿಯಿತು, ಮೇಡಮ್ ಅಂಗಾತ ಬಿದ್ದರು. ಅವರು ಎದ್ದು ಬೆನ್ನಿನ ಕೆಸರು ಕೊಡವಿ ಒಂದೇ ಮಾತು ಹೇಳಿದರು: "ಮತ್ತ."

ಅವರು ಬೀದರಿನಿಂದ ಬರುತ್ತಿದ್ದ ಬೆಳಗಿನ ಪ್ಯಾಸೆಂಜರ್ ಗಾಡಿಯನ್ನೇ ನಾನು ನಮ್ಮೂರು ಹಲಬರ್ಗಾದಲ್ಲಿ ಹತ್ತುತ್ತಿದ್ದೆ. ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ.

"ಏನ್ ತಿಂದು ಬಂದಿ?"

"ಚಹಾ ರೀ, ಒಂದ್ ಟೋಸ್ಟ್."

"ಟೋಸ್ಟ್ ತಿಂದು ನಾಲ್ಕು ಸುತ್ತ ಓಡ್ತಿ?" ಎಂದು ಬೈಯುತ್ತ ಚೀಲದಿಂದ ಡಬ್ಬಿ ತೆಗೆಯುತ್ತಿದ್ದರು. ಕುದಿಸಿದ ಶೇಂಗಾ, ಅದರ ಮೇಲೊಂದು ಬೆಲ್ಲದ ತುಂಡು. "ತಿನ್ನು. ದಯಾ ಅಲ್ಲ ಇದು. ನೀ ಚಕ್ಕರ್ ಬಂದು ಬಿದ್ರ ಹೊತ್ತಕೊಂಡು ಹೋಗಬೇಕಾಗ್ತದ ನಾನು."

ಮಾತು ಹೀಗಿರುತ್ತಿತ್ತು. ಡಬ್ಬಿ ಮಾತ್ರ ಒಂದು ದಿನವೂ ಖಾಲಿ ಬರಲಿಲ್ಲ.

ಜುಲೈ ಕೊನೆಗೆ ಔರಾದಿನಿಂದ ನನಗೊಂದು ಸಂಬಂಧ ಬಂತು. ಹುಡುಗ ಔಷಧದ ಅಂಗಡಿ ಇಟ್ಟಿದ್ದ. ನಮ್ಮ ಹಾಗೆಯೇ ಬೌದ್ಧರು, ಒಳ್ಳೆಯ ಮನೆತನ, ಏನನ್ನೂ ಕೇಳಿರಲಿಲ್ಲ. ಟೆಂಪೋ ಓಡಿಸುತ್ತಿದ್ದ ಅಪ್ಪ ಅದನ್ನು ಅದೃಷ್ಟವೆಂದೇ ತಿಳಿದ. ಅವನು ಕೆಟ್ಟವನಲ್ಲ. ಒಂಬತ್ತನೇ ತರಗತಿಯವರೆಗೆ ದಿನಾ ಸಂಜೆ ನನ್ನ ಪುಸ್ತಕಕ್ಕೆ ಹೊದಿಕೆ ಹಾಕಿದೆಯೋ ಇಲ್ಲವೋ ಎಂದು ನೋಡುತ್ತಿದ್ದ ಮನುಷ್ಯ.

"ಈ ಆಗಸ್ಟಿಗಿ ಹದಿನೆಂಟು ತುಂಬ್ತಾವ," ಎಂದ. "ದೀಪಾವಳಿ ಆದ ಮ್ಯಾಗ ನಮ್ಮ ವಿಹಾರದಾಗೇ ಲಗ್ನ ಮಾಡಮು. ಪರೀಕ್ಷಾ ಬೇಕಾದ್ರ ಅವರ ಮನೀಂದನೇ ಬರೀಲಿ."

ಹದಿನೆಂಟು ಎಂಬುದನ್ನು ನಾನೂ ನಂಬಿದ್ದೆ. ತಡವಾಗಿ ಶಾಲೆಗೆ ಸೇರಿದವಳು ಎಂದುಕೊಂಡಿದ್ದೆ. ಲಗ್ನದ ಸುದ್ದಿಯನ್ನು ನಾನು ಶಾಲೆಯಲ್ಲಿ ಯಾರಿಗೂ ಹೇಳಲಿಲ್ಲ. ಬೀದರಿನಲ್ಲಿ ಸೆಪ್ಟೆಂಬರಿನ ಟೂರ್ನಿಯೊಂದನ್ನು ಆಡಿಬಿಟ್ಟರೆ ಸಾಕು, ಆಮೇಲೆ ಏನಾದರೂ ಆಗಲಿ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಆಗಸ್ಟಿನಲ್ಲಿ ಟೂರ್ನಿಯ ಅರ್ಜಿ ತುಂಬಲು ಮೇಡಮ್ ಶಾಲೆಯ ರಿಜಿಸ್ಟರ್ ತರಿಸಿದರು. ನನ್ನನ್ನು ಸ್ಟಾಫ್ ರೂಮಿಗೆ ಕರೆದರು.

"ನಿನಗ ಹದಿನೆಂಟೇನು?"

"ಹೌದ್ರಿ."

"ಇದು ಹದಿನೇಳರ ಒಳಗಿನೋರ ಟೂರ್ನಿ ಅಂತ ಎಷ್ಟ್ ಸಲ ಹೇಳೀನಿ? ಎರಡು ತಿಂಗಳ ನನ್ನ ಮಾರಿ ನೋಡ್ಕೋತ ಸುಮ್ನ ಇದ್ದೆಲ್ಲ!"

ಕೆಂಪು ಪೆನ್ನಿನಿಂದ ನನ್ನ ಹೆಸರು ಹೊಡೆದು ಹಾಕಿದರು. ನಾನು ಅಳತೊಡಗಿದೆ. "ಅಳೋದು ಹೊರಗ ಹೋಗಿ ಅಳು," ಎಂದರು.

ಮನೆಗೆ ಬಂದವಳು ಅವ್ವನ ಮೇಲೆ ಹಾರಿಬಿದ್ದೆ. ಅವಳು ಪಡಸಾಲೆಯಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ನನ್ನನ್ನು ಯಾಕೆ ತಡ ಮಾಡಿ ಸಾಲೆಗೆ ಹಾಕಿದಿರಿ, ಎರಡು ವರ್ಷ ಮೊದಲು ಹಾಕಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೂಗಾಡಿದೆ. ಅವ್ವ ಮೊರ ಕೆಳಗಿಟ್ಟಳು.

"ತಡ ಮಾಡಿಲ್ಲವ್ವ. ಆರೂವರಿಗೇ ಹಾಕೀವಿ."

ಆಮೇಲೆ ಅವಳು ಹೇಳಿದ್ದು ನನಗೆ ಅಲ್ಲಿಯವರೆಗೆ ಗೊತ್ತಿರದ ಮಾತು. ನನಗಿಂತ ಮುಂಚೆ ಒಂದು ಹೆಣ್ಣು ಹುಟ್ಟಿತ್ತು. ಅದರ ಹೆಸರೂ ಸುಜಾತಾ. ಆಸ್ಪತ್ರೆಯಲ್ಲಿ ಹುಟ್ಟಿದ್ದರಿಂದ ಅದಕ್ಕೊಂದು ಜನನ ಪತ್ರ ಇತ್ತು. ಒಂದೂವರೆ ವರ್ಷವಾಗಿದ್ದಾಗ ಜ್ವರ ಬಂದು ಮೂರೇ ದಿನದಲ್ಲಿ ಹೋಯಿತು. ನಾನು ಹುಟ್ಟಿದ್ದು ಅವ್ವನ ತವರು ಮೆಹಕರದಲ್ಲಿ, ಮನೆಯಲ್ಲೇ. ನನಗೆ ಕಾಗದ ಇರಲಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಜನನ ಪತ್ರ ಕೇಳಿದರು. ಅಪ್ಪ ಪೆಟ್ಟಿಗೆಯಲ್ಲಿದ್ದ ಆ ಕಾಗದವನ್ನೇ ಕೊಟ್ಟ. ಹೆಸರು ಒಂದೇ ಇತ್ತಲ್ಲ.

"ಅದೇ ಹೆಸರು ಯಾಕ ಇಟ್ಟಿ?" ಎಂದೆ.

"ಕರದು ಕರದು ಬಾಯಿಗಿ ರೂಢಿ ಆಗಿತ್ತು," ಎಂದಳು ಅವ್ವ. "ಬಿಡಾಕ ಆಗಲಿಲ್ಲ."

ಮರುದಿನ ರೈಲಿನಲ್ಲಿ ಮೇಡಮ್‌ಗೆ ಎಲ್ಲವನ್ನೂ ಹೇಳಿದೆ. ಅವರು ಶೇಂಗಾದ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು: "ಹದಿನೆಂಟು ಅಂದ್ರ ಯಾರಿಗಿ ಖುಷಿ ಆಗೇದ ಮನ್ಯಾಗ? ಬ್ಯಾರೆ ಏನರ ನಡದದೇನು?"

ಔರಾದಿನ ಸಂಬಂಧದ ವಿಷಯ ಆಗ ಬಾಯಿಬಿಟ್ಟೆ.

"ಲಗ್ನ ಬೇಕೇನು ನಿನಗ?"

"ಬ್ಯಾಡ್ರಿ."

"ಕೇಳಸಲಿಲ್ಲ."

"ಬ್ಯಾಡ್ರಿ!" ಎಂದು ಕೂಗಿದೆ. ಬೋಗಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಾಲಿನ ಕ್ಯಾನಿನ ಮೇಲೆ ಕುಳಿತಿದ್ದ ಮುದುಕನೊಬ್ಬ ಬೀಡಿ ಬಾಯಿಂದ ತೆಗೆದ.

"ಬಸ್," ಎಂದರು ಮೇಡಮ್. "ಇದೇ ಆವಾಜ್ ಇಟ್ಕೋ."

ಆ ಭಾನುವಾರವೇ ನಮ್ಮ ಮನೆಗೆ ಬಂದರು. ಅಪ್ಪ ಕುರ್ಚಿ ಹಾಕಿದ, ಅವ್ವ ಚಹಾ ಇಟ್ಟಳು. ಮೇಡಮ್ ಸುತ್ತಿ ಬಳಸಿ ಮಾತಾಡಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಎಲುಬಿನ ಫೋಟೋ ತೆಗೆದು ಖರೇ ವಯಸ್ಸು ಬರೆದುಕೊಡುತ್ತಾರೆ, ಅದಕ್ಕೆ ಮನೆಯವರ ಸಹಿ ಬೇಕು ಎಂದರು. ಆಟಕ್ಕಾಗಿ ಎಂದಷ್ಟೇ ಹೇಳಿದ್ದರೆ ಅಪ್ಪ ಅಲ್ಲೇ ಸಹಿ ಹಾಕಿಬಿಡುತ್ತಿದ್ದ. ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಆ ಕಾಗದ ಬಂತಂದ್ರ ನಿಮ್ಮ ಔರಾದ್ ಲಗ್ನ ನಿಲ್ತದ ಅಣ್ಣಾ. ಮುಚ್ಚಿಟ್ಟು ಸಹಿ ತಗೊಳ್ಳಾಕ ಬಂದಿಲ್ಲ ನಾನು."

ಅಪ್ಪ ಚಹಾದ ಕಪ್ಪು ಕೆಳಗಿಟ್ಟ. "ಮೇಡಮ್, ನೀವ್ ಆಟ ಕಲಸ್ರಿ. ನಮ್ಮ ಸಂಸಾರ ನಾವ್ ನೋಡ್ಕೋತೀವ್ರಿ. ಕಾಗದದಾಗ ಹದಿನೆಂಟು ಅದ. ಸರ್ಕಾರ ಕಾಗದ ನೋಡ್ತದ."

"ನಾ ಹುಡುಗಿ ನೋಡ್ತೀನಿ," ಎಂದರು ಮೇಡಮ್.

"ಸಹಿ ಹಾಕಂಗಿಲ್ಲರಿ."

ಅವ್ವ ಒಳಗಿನಿಂದ ಬಂದಳು. ಜೋಳದ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಪ್ಪನ ಕಡೆ ನೋಡದೆ, ಮೇಡಮ್ ಮುಂದೆ ನೆಲದ ಮೇಲೆ ಕುಳಿತಳು. "ಎಲ್ಲಿ ಹಾಕಬೇಕ್ರಿ ಸಹಿ?"

ಅಪ್ಪ ಎದ್ದು ನಿಂತ. "ಶೇವಂತಾ!"

"ಸತ್ತಾಕಿ ಬ್ಯಾರೆ," ಎಂದಳು ಅವ್ವ. "ಈಕಿ ಬದಕ್ಯಾಳ." ಮೆಹಕರದ ಕಡೆ ಮರಾಠಿ ಸಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಕಲಿತಿದ್ದಳು. ಆ ಅಕ್ಷರಗಳನ್ನು ಒಂದೊಂದಾಗಿ ನೆನಪಿಸಿಕೊಂಡು ತನ್ನ ಹೆಸರು ಬರೆದಳು. ಅಪ್ಪ ಟೆಂಪೋ ತೆಗೆದುಕೊಂಡು ಹೋಗಿಬಿಟ್ಟ.

ಆಸ್ಪತ್ರೆಯಲ್ಲಿ ನನ್ನ ಮಣಿಕಟ್ಟಿನದು, ಮೊಣಕೈಯದು ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಪೆನ್ನಿನಿಂದ ತೋರಿಸಿದರು. ಎಲುಬಿನ ತುದಿ ಇನ್ನೂ ಕೂಡಿಲ್ಲ, ನಡುವೆ ಸಣ್ಣ ಗೆರೆ ಇದೆ. ಹದಿನೈದರಿಂದ ಹದಿನಾರರ ಒಳಗೆ ಎಂದು ಬರೆದು ಮೊಹರು ಹಾಕಿ, ಎಕ್ಸ್‌ರೇ ಜೊತೆ ದೊಡ್ಡ ಕಂದು ಲಕೋಟೆಯಲ್ಲಿಟ್ಟು ಕೊಟ್ಟರು. ನನ್ನ ಕೈಯನ್ನೇ ನಾನು ಬಹಳ ಹೊತ್ತು ನೋಡಿದೆ. ಎಲ್ಲರೂ ಹೇಳಿದ್ದ ಸುಳ್ಳನ್ನು ಆ ಎಲುಬು ಮಾತ್ರ ಹೇಳಿರಲಿಲ್ಲ.

ಅಲ್ಲಿಂದ ನೇರವಾಗಿ ಟೂರ್ನಿ ನಡೆಸುವವರ ಹತ್ತಿರ ಹೋದೆವು. ಅವರು ಕಾಗದ ಓದಿ ತಲೆ ಅಲ್ಲಾಡಿಸಿದರು. ಶಾಲೆಯ ರಿಜಿಸ್ಟರಿನಲ್ಲಿ ತಾರೀಖು ಬದಲಾಗುವವರೆಗೆ ಆಡಿಸಲು ಬರುವುದಿಲ್ಲ, ಅದನ್ನು ಬದಲಾಯಿಸಲು ಕೋರ್ಟಿಗೇ ಹೋಗಬೇಕು ಎಂದರು. ಬೇರೊಂದು ಶಾಲೆಯ ಮಾಸ್ತರರು ಅಲ್ಲೇ ಇದ್ದರು. ಮೇಡಮ್‌ರನ್ನು ಪಕ್ಕಕ್ಕೆ ಕರೆದರು. ನನಗೂ ಕೇಳಿಸಿತು.

"ಉಳಿದ ಹನ್ನೆರಡ್ ಹುಡುಗ್ಯಾರು ಅದಾರಲ್ಲರಿ. ಯಾರದರ ಹೆಸರಿನ ಮ್ಯಾಗ ಈಕಿಗಿ ಆಡಸ್ರಿ. ಯಾರ್ ಮಾರಿ ನೋಡ್ತಾರ?"

ಯಾರ ಹೆಸರಾದರೂ ಸರಿ, ಆಡಿದರೆ ಸಾಕಿತ್ತು ನನಗೆ.

"ಹುಟ್ಟಿದಾಗಿಂದ ಬ್ಯಾರೇರ ಕಾಗದದ ಮ್ಯಾಗ ಬದಕ್ಯಾಳ ಈಕಿ," ಎಂದರು ಮೇಡಮ್. "ಇನ್ನೊಂದ್ ಹೆಸರು ಬ್ಯಾಡ."

ಆ ಕ್ಷಣ ಅವರ ಮೇಲೆ ಬಂದಷ್ಟು ಸಿಟ್ಟು ಅಪ್ಪನ ಮೇಲೂ ಬಂದಿರಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಅವರಿಗಿಂತ ಮುಂದೆ ಮುಂದೆ ನಡೆದೆ. ಆಮೇಲೆ ತಡೆಯಲಾಗದೆ ಕೇಳಿದೆ: "ಇವರು ಆಡಸಂಗಿಲ್ಲ ಅಂತ ನಿಮಗ ಮೊದಲೇ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಈ ಎಕ್ಸ್‌ರೇ ಯಾಕ್ರಿ?"

ಅವರು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. "ಟೂರ್ನಿ ವರ್ಷಾ ವರ್ಷಾ ಬರ್ತದ. ಲಗ್ನ ಹಾಂಗಲ್ಲ," ಎಂದರು. ಅಷ್ಟೇ. ಬಸ್ಸು ಬಂತು, ನನ್ನನ್ನು ಹತ್ತಿಸಿ ತಾವು ಮನೆಯ ಕಡೆ ನಡೆದುಬಿಟ್ಟರು. ಬೀದರಿನಲ್ಲಿ ನಮ್ಮ ತಂಡ ಮೊದಲ ಪಂದ್ಯದಲ್ಲೇ ಮೂರು ಗೋಲಿನಿಂದ ಸೋತಿತು. ಹಿಂದೆ ನಿಲ್ಲುವವಳು ಇರಲಿಲ್ಲ. ಅವಳು ಗೆರೆಯ ಹೊರಗೆ ನೀರಿನ ಬಾಟಲಿ ಹಿಡಿದು ನಿಂತಿದ್ದಳು.

ಅಪ್ಪ ಲಗ್ನದ ಮಾತನ್ನು ಬಿಟ್ಟಿರಲಿಲ್ಲ. ಆಸ್ಪತ್ರೆಯ ಕಾಗದವನ್ನು ಯಾರಿಗೂ ತೋರಿಸುವುದು ಬೇಡ ಎಂದು ಅವ್ವನಿಗೆ ಹೇಳಿದ್ದ. ಮಳೆ ಹಿಂದೆಗೆಯುವ ಹೊತ್ತಿಗೆ ಔರಾದಿನವರು ತಾರೀಖು ಗೊತ್ತುಮಾಡಲು ಬಂದರು. ಹುಡುಗ, ಅವನ ಅಪ್ಪ, ಸೋದರಮಾವ, ಮತ್ತಿಬ್ಬರು. ನನಗೆ ಸೀರೆ ಉಡಿಸಿ ಚಹಾದ ತಟ್ಟೆ ಕೊಟ್ಟರು. ನಾನು ಕಪ್ಪುಗಳ ಕೆಳಗೆ ಆ ದೊಡ್ಡ ಕಂದು ಲಕೋಟೆಯನ್ನು ಇಟ್ಟುಕೊಂಡು ಹೋದೆ. ಎಲ್ಲರೂ ಕಪ್ಪು ತೆಗೆದುಕೊಂಡ ಮೇಲೆ ತಟ್ಟೆಯಲ್ಲಿ ಲಕೋಟೆ ಮಾತ್ರ ಉಳಿಯಿತು.

"ಏನವ್ವ ಇದು?" ಎಂದರು ಹುಡುಗನ ಅಪ್ಪ.

"ನನ್ನ ಕೈ ಫೋಟೋರಿ. ನನಗ ಹದಿನೈದು."

"ಸಾಲಿ ರಿಜಿಸ್ಟರ್‌ದಾಗ ಹದಿನೆಂಟು ಅದ ಅಂದ್ರಲ್ಲ?" ಎಂದ ಸೋದರಮಾವ.

"ರಿಜಿಸ್ಟರ್‌ದಾಗ ಇರೋ ಸುಜಾತಾ ನಾನಲ್ಲರಿ. ಆಕಿ ಸತ್ತು ಹೋಗ್ಯಾಳ."

ಹುಡುಗ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದ, ಡಾಕ್ಟರ ಕಾಗದ ಓದಿದ, ಎರಡನ್ನೂ ಜೋಪಾನವಾಗಿ ಲಕೋಟೆಗೆ ಹಾಕಿ ತಟ್ಟೆಯಲ್ಲಿಟ್ಟ. "ಅಪ್ಪಾ, ನಡೀರಿ. ಸಣ್ಣಾಕಿ ಅದಾಳ," ಎಂದ. ಅವನ ಹೆಸರು ಬರೆಯುವುದಿಲ್ಲ, ಆದರೆ ಅವನಿಗೆ ಒಳ್ಳೆಯದಾಗಲಿ ಎಂದು ಆವತ್ತೇ ಅಂದುಕೊಂಡೆ. ಸೋದರಮಾವ ಮಾತ್ರ ಅಂಗಳದಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದು ಹೋದ. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ. ಮನೆಗೆ ಬರುತ್ತಿದ್ದ, ಉಣ್ಣುತ್ತಿದ್ದ, ನಾನು ಕುಳಿತ ಕಡೆಯಿಂದ ಎದ್ದು ಹೋಗುತ್ತಿದ್ದ. ನನಗೆ ದುಃಖವಾಗುತ್ತಿತ್ತು. ಆದರೆ ಕ್ಷಮೆ ಕೇಳಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ.

ದೀಪಾವಳಿ ಕಳೆದು ಎರಡು ವಾರಕ್ಕೆ ಔರಾದಿನಲ್ಲಿ ಒಂದು ಪಂದ್ಯ ಇತ್ತು. ವಯಸ್ಸಿನ ಮಿತಿ ಇಲ್ಲ, ಯಾರು ಬೇಕಾದರೂ ಆಡಬಹುದು. ಮೇಡಮ್ ನನ್ನ ಹೆಸರನ್ನು ಮೊದಲು ಬರೆದರು. ಹೊರಡುವ ಬೆಳಿಗ್ಗೆ ಮಾತಾಡಿದ್ದ ಗಾಡಿ ಬರಲಿಲ್ಲ. ನಾವು ಭಾಲ್ಕಿಯ ಕ್ರಾಸಿನಲ್ಲಿ ಬೂಟು ಕೈಯಲ್ಲಿ ಹಿಡಿದು ನಿಂತಿದ್ದೆವು. ಮೇಡಮ್ ಸುತ್ತ ನೋಡಿ ನೇರವಾಗಿ ಟೆಂಪೋ ಸ್ಟ್ಯಾಂಡಿಗೆ ಹೋದರು. ಅಲ್ಲಿ ಅಪ್ಪ ಗಾಡಿಗೆ ಒರಗಿ ನಿಂತಿದ್ದ.

"ಅಣ್ಣಾ, ಗಾಡಿ ತೆಗೀರಿ. ಔರಾದಿಗಿ ಹೋಗಬೇಕು."

"ನಾ ಬರಂಗಿಲ್ಲ ಮೇಡಮ್."

"ನನ್ನ ಮ್ಯಾಗ ಸಿಟ್ಟು ಸಂಜೀಗಿ ಮಾಡ್ರಿ. ಈಗ ಹದಿಮೂರ್ ಹುಡುಗ್ಯಾರು ರೋಡಿನ್ಯಾಗ ನಿಂತಾರ. ನಿಮ್ಮ ಮಗಳ ಬ್ಯಾಡಾದ್ರ ಉಳಿದ ಹನ್ನೆರಡು ಮಂದಿನ್ನ ಒಯ್ರಿ."

ಅಪ್ಪ ಕ್ರಾಸಿನ ಕಡೆ ಒಮ್ಮೆ ನೋಡಿದ. ಆಮೇಲೆ ಹಿಂದಿನ ತಗಡಿನ ಬಾಗಿಲು ಕೆಳಗಿಳಿಸಿದ. ಹದಿಮೂರೂ ಜನ ಹತ್ತಿದೆವು.

ಔರಾದಿನ ಗ್ರೌಂಡಿನ ಸುತ್ತ ಜನ ಸೇರಿದ್ದರು. ಆಟ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ಗೋಲಿನ ಹಿಂದಿನಿಂದ ಕೂಗು ಬಂತು: "ಏ ಎಕ್ಸ್‌ರೇ!" ತಿರುಗಿದರೆ ಆ ಸೋದರಮಾವ, ಜೊತೆಗೆ ಏಳೆಂಟು ಮಂದಿ. ನನ್ನ ಕಾಲಿಗೆ ಚೆಂಡು ಬಂದಾಗಲೆಲ್ಲ "ಎಕ್ಸ್‌ರೇ, ಎಕ್ಸ್‌ರೇ" ಎಂದು ಚಪ್ಪಾಳೆ ತಟ್ಟತೊಡಗಿದರು. ನಾನು ಮತ್ತೆ ಅವರ ಕಡೆ ತಿರುಗಿದೆ. ಕೆಂಪು ಅಂಗಿಯ ಹುಡುಗಿಯೊಬ್ಬಳು ನನ್ನನ್ನು ದಾಟಿ ಹೋಗಿ ಗೋಲು ಹೊಡೆದಳು. ಮೇಡಮ್ ಗೆರೆಯ ಮೇಲೆ ನಿಂತು ಕೂಗಿದರು: "ಸುಜಾತಾ, ಕಿವಿ ಮುಚ್ಚು! ಕಣ್ಣು ತಗಿ!"

ಆಗ ಗ್ರೌಂಡಿನ ಆ ಕಡೆಯಿಂದ ಹಾರ್ನ್ ಶುರುವಾಯಿತು. ಅಪ್ಪನ ಟೆಂಪೋದ ಹಾರ್ನು. "ಎಕ್ಸ್‌ರೇ" ಎಂದು ಅವರು ಬಾಯಿ ತೆರೆದಾಗಲೆಲ್ಲ ಅಪ್ಪ ಹಾರ್ನಿನ ಮೇಲೆ ಅಂಗೈ ಒತ್ತಿ ಹಿಡಿಯುತ್ತಿದ್ದ. ಅವರು ಜೋರಾಗಿ ಕೂಗಿದರು, ಅವನು ಇನ್ನೂ ಉದ್ದಕ್ಕೆ ಒತ್ತಿದ. ರೆಫರಿ ಆಟ ನಿಲ್ಲಿಸಿ ಹೋಗಿ ಬೈದು ಬಂದರು. ಅಪ್ಪ ತಲೆಯಾಡಿಸಿದ, ಅವರು ಬೆನ್ನು ತಿರುಗಿಸಿದ ಕೂಡಲೇ ಮತ್ತೆ ಒತ್ತಿದ. ಕೊನೆಗೆ ಜನರೇ ನಗತೊಡಗಿದರು, ಆ ಏಳೆಂಟು ಮಂದಿಗೆ ಕೂಗುವುದರಲ್ಲಿ ರುಚಿ ಉಳಿಯಲಿಲ್ಲ. ಆಮೇಲೆ ಕೆಂಪು ಅಂಗಿಯವಳು ಎಷ್ಟು ಸಲ ಬಂದರೂ ನಾನು ಬಿಡಲಿಲ್ಲ. ನಮ್ಮವರೂ ಒಂದು ಗೋಲು ಹೊಡೆದರು. ಪಂದ್ಯ ಸಮವಾಯಿತು.

ವಾಪಸು ಬರುವಾಗ ಮೇಡಮ್ ನನ್ನನ್ನು ಮುಂದೆ, ಅಪ್ಪನ ಪಕ್ಕದ ಸೀಟಿಗೆ ತಳ್ಳಿ ತಾವು ಹುಡುಗಿಯರ ಜೊತೆ ಹಿಂದೆ ಕುಳಿತರು. ಅರ್ಧ ದಾರಿ ಕಳೆಯಿತು. ಆಗ ಅಪ್ಪ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದ: "ಆ ಕೆಂಪಂಗಿ ಹುಡುಗಿನ್ನ ಮೊದಲನೇ ಸಲ ಯಾಕ ಬಿಟ್ಟಿ?"

"ಲಕ್ಷ್ಯ ಹೋತಪ್ಪ."

"ಹಾಂಗ ಬಿಡಬಾರ್ದು," ಎಂದ.

ಜನವರಿಯಲ್ಲಿ ಅಪ್ಪನೇ ಮೇಡಮ್‌ಗೆ ಹೇಳಿ ಕಳಿಸಿ ಭಾಲ್ಕಿಯ ಕೋರ್ಟಿಗೆ ಹೋಗುವ ದಿನ ಗೊತ್ತುಮಾಡಿದ. ತೀರ್ಪು ಬರಲು ಒಂದೂವರೆ ವರ್ಷ ಹಿಡಿಯಿತು, ಅದು ಬೇರೆ ಮಾತು. ಆ ದಿನ ವಕೀಲರ ಗುಮಾಸ್ತ ಹೊರಗಿನ ಕಟ್ಟೆಯ ಮೇಲೆ ಟೈಪ್ ಮಾಡುತ್ತ ಕುಳಿತಿದ್ದ. ಎರಡನೇ ಮಗಳ ವಯಸ್ಸು ತಿದ್ದಬೇಕಾದರೆ ಮೊದಲನೇ ಮಗಳು ತೀರಿಕೊಂಡದ್ದನ್ನು ತಂದೆ ಹೇಳಬೇಕಿತ್ತು. ಹದಿನೇಳು ವರ್ಷದಲ್ಲಿ ಅಪ್ಪ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. "ನನ್ನ ದೊಡ್ಡ ಮಗಳು..." ಎಂದು ಶುರು ಮಾಡಿದವನು ಅಲ್ಲೇ ನಿಂತ. ಅವ್ವ ಅವನ ಮೊಣಕೈ ಹಿಡಿದಳು. ಅಪ್ಪ ಗೋಡೆಯ ಕಡೆ ತಿರುಗಿ ಅತ್ತ. ಆಮೇಲೆ ಮುಖ ಒರೆಸಿಕೊಂಡು ಪೂರ್ತಿ ಹೇಳಿದ. ಗುಮಾಸ್ತ ಟೈಪ್ ಮಾಡಿದ.

"ಎರಡನೇ ಮಗಳು ಹುಟ್ಟಿದ ತಾರೀಖು?"

"ತೊಗರಿ ಹೂವಾಗಿತ್ತರಿ," ಎಂದಳು ಅವ್ವ. "ದೀಪಾವಳಿ ಆಗಿ ಒಂದೆರಡು ವಾರ."

"ಹೂವಿನ ತಾರೀಖು ಟೈಪ್ ಮಾಡಾಕ ಬರಂಗಿಲ್ಲ ತಾಯಿ. ಅಂಕಿ ಬೇಕು."

ಅವ್ವ ಅಪ್ಪನನ್ನು ನೋಡಿದಳು, ಅಪ್ಪ ನನ್ನನ್ನು ನೋಡಿದ. ನಾನು ಔರಾದಿನಲ್ಲಿ ಪಂದ್ಯ ಆಡಿದ ದಿನದ ತಾರೀಖು ಹೇಳಿದೆ.

ಗುಮಾಸ್ತ ಕನ್ನಡಕದ ಮೇಲಿಂದ ದಿಟ್ಟಿಸಿದ. "ಖರೇ ಏನು?"

"ಇನ್ನ ಮ್ಯಾಗ ಖರೇರಿ. ಬರೀರಿ."

ಅವನು ಬರೆದ. ಅಪ್ಪ ಸಹಿ ಹಾಕಿದ, ಅವ್ವ ತನ್ನ ಮರಾಠಿ ಅಕ್ಷರ ಹಾಕಿದಳು. ನಾನು ಗೇಟಿನ ಹೊರಗೆ ಬಂದೆ. ನಸೀಮಾ ಮೇಡಮ್ ಚೆಂಡಿನ ಜಾಳಿಗೆ ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ನಿಂತಿದ್ದರು, ಮುಖ ಗಂಟಿಕ್ಕಿಕೊಂಡು.

"ಆಯ್ತೇನು ಹುಟ್ಟಿದ್ದು?"

"ಆಯ್ತ್ರಿ."

"ಹಂಗಾದ್ರ ಬೂಟ್ ಹಾಕ್ಕೋ," ಎಂದರು. "ನಾಲ್ಕು ಹೊಡೀತು."